ಕೆರಿಗೆ ಹೋಗುವ ಸೊಸಿ ಕೇರಿಗೆ ಹೊರಟಾಗ!

ಜತ್ತ: ತಾಲೂಕಿನ ಗಡಿ ಹಳ್ಳಿಯೊಂದರ ಹುಡುಗರು ಜಾತ್ರೆಗಾಗಿ ಹಾಸ್ಯ ನಾಟಕದ ತಾಲೀಮು ನಡೆಸಿದ್ದರು. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆ. ಹೀಗಾಗಿ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದರು. ಮರಾಠಿ ಬರಹದಲ್ಲಿ ಎ-ಏ ಭೇದವಿಲ್ಲ. ನೀರಿಗೆಂದು ಕೆರಿಗೆ ಹೋಗಬೇಕಾದ ಸೊಸಿ ಕೇರಿಗೆ ಹೊರಟಳು!

‘ಜನಾ ನಗಬೇಕು ಖರೆ, ಆದ್ರ ನಗೋ ಜಾಗಾದಾಗ ನಗಬೇಕ್ರಿ’ ಎಂದ ನಾಟಕ ಮಾಸ್ತರರು, ಅಂದಿನಿಂದ ತಾಲೀಮಿಗೆ ಮೊದಲು ಅರ್ಧ ತಾಸು ಪಾಟಿ ಹಿಡಿಸಿ ಕನ್ನಡ ಅಕ್ಷರ ತಿದ್ದಿಸಿದರು.

1843ರಲ್ಲಿ ವಿಷ್ಣುದಾಸ ಭಾವೆ ಸಾಂಗಲಿಯಲ್ಲಿ ಮರಾಠಿ ‘ಸೀತಾ ಸ್ವಯಂವರ’ ಆಡಿಸಿದ್ದು ಕನ್ನಡ ಮೇಳದ ಆಟದ ಪ್ರೇರಣೆಯಿಂದ. ಅದೇ ಸಾಂಗಲಿ ಜಿಲ್ಲೆಯಲ್ಲಿ ಇಂದು ಕನ್ನಡ ನಾಟಕಕ್ಕೇ ಕನ್ನಡ ಅಕ್ಷರ ಹುಡುಕುವ ಪಾಳಿ.

ಜಾತ್ರೆಯ ರಾತ್ರಿ ಪರದೆ ಹಿಂದೆ ಮಾತು ಎತ್ತಿಕೊಟ್ಟವನು ಪಾಟಿ ಹಿಡಿದ ಹುಡುಗರಲ್ಲೇ ಒಬ್ಬ. ಕೈಯಲ್ಲಿದ್ದದ್ದು ಕನ್ನಡ ಪ್ರತಿ. ಸೊಸಿ ಕೆರಿಗೇ ಹೋದಳು. ಜನಾನೂ ಹೊಟ್ಟೆ ತುಂಬ ನಕ್ಕರು.