ಗೆಕ್ಕೊ ಬೆರಳಲ್ಲಿ ಉಳಿದ ಪೊರೆ

ಕರಿಚುಕ್ಕೆಗಳ ಹಳದಿ ಮೈ ಇದ್ದಕ್ಕಿದ್ದಂತೆ ಮಂಕಾಗಿ ಬಿಳಿಚಿಕೊಳ್ಳುತ್ತದೆ. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯನ್ನು ಮೊದಲ ಸಲ ಸಾಕಿದವರು ಇದನ್ನು ಕಂಡು ಗಾಬರಿಪಡುವುದುಂಟು. ಇದು ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಹಳೆಯ ಚರ್ಮದಡಿ ಹೊಸದು ಬೆಳೆದ ಮೇಲೆ ಎರಡರ ನಡುವೆ ದ್ರವ ತುಂಬಿ ಮೇಲಿನ ಪದರ ಸಡಿಲವಾಗುತ್ತದೆ. ಗೆಕ್ಕೊ ಕಲ್ಲಿಗೆ ಮೂತಿ ಉಜ್ಜಿ ಅದನ್ನು ಬಿಡಿಸಿಕೊಂಡು, ಬಾಯಿಂದ ಎಳೆದು ತಿಂದುಬಿಡುತ್ತದೆ. ಮರಿಗಳು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪೊರೆ ಬಿಟ್ಟರೆ, ದೊಡ್ಡವು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಿಡುತ್ತವೆ.

ಪೊರೆ ಪೂರ್ತಿ ಕಳಚದಿದ್ದಾಗಲೇ ತೊಂದರೆ. ಬೆರಳು, ಬಾಲದ ತುದಿ, ಕಣ್ಣಿನ ಸುತ್ತ ಅದು ಉಳಿದುಬಿಡುತ್ತದೆ. ಬೆರಳಿನ ಪೊರೆ ಒಣಗುತ್ತ ಬಿಗಿದರೆ, ದಾರ ಸುತ್ತಿ ಕಟ್ಟಿದಂತೆ ರಕ್ತಸಂಚಾರ ನಿಲ್ಲುತ್ತದೆ. ಬೆರಳು ಊದಿ, ಕಪ್ಪಾಗಿ, ಕೊನೆಗೆ ಉದುರಿಹೋಗುತ್ತದೆ. ಗೆಕ್ಕೊಗೆ ಬಾಲ ಕಡಿದುಹೋದರೆ ಮತ್ತೆ ಬೆಳೆಯುತ್ತದೆ. ಬೆರಳು ಬೆಳೆಯುವುದಿಲ್ಲ.

ಲೆಪರ್ಡ್ ಗೆಕ್ಕೊದ ತವರು ಅಫ್ಗಾನಿಸ್ತಾನ, ಪಾಕಿಸ್ತಾನ ಮತ್ತು ವಾಯುವ್ಯ ಭಾರತದ ಒಣ ಕಲ್ಲುನೆಲ. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಇಂದು ಅಮೆರಿಕ, ಯುರೋಪಿನ ಮನೆಗಳಲ್ಲಿ ಇದು ಬಹಳ ಜನಪ್ರಿಯ. ಪೊರೆ ಸಲೀಸಾಗಿ ಕಳಚಲು ತೇವ ಬೇಕು; ಒಣನಾಡಿನ ಪ್ರಾಣಿಗೆ ತೇವ ಏಕೆ ಎಂದುಕೊಳ್ಳುವವರೇ ಎಡವುವುದು. ತವರಿನಲ್ಲಿ ಅದು ಹಗಲೆಲ್ಲ ಬಿಲದಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಅಲ್ಲಿ ಹೊರಗಿಗಿಂತ ತೇವ ಹೆಚ್ಚು. ಸಾಕುವ ಗಾಜಿನ ಪೆಟ್ಟಿಗೆಯಲ್ಲಿ ಆ ಸಂದಿ ಇರುವುದಿಲ್ಲ. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಇನ್ನಷ್ಟು ಒಣಗಿಸುತ್ತದೆ.

ಪರಿಹಾರ ದುಬಾರಿಯಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಗೆಕ್ಕೊ ನುಸುಳುವಷ್ಟು ತೂತು ಕೊರೆದು, ಒದ್ದೆ ಪಾಚಿಯನ್ನೋ ಟಿಶ್ಯೂ ಕಾಗದವನ್ನೋ ಹಾಸಿ, ಪೆಟ್ಟಿಗೆಯ ಬೆಚ್ಚನೆಯ ಬದಿಯಲ್ಲಿ ಇಟ್ಟರಾಯಿತು. ಪೆಟ್ಟಿಗೆಯ ಉಳಿದ ಭಾಗದಲ್ಲಿ ಶೇ. 30ರಿಂದ 40ರಷ್ಟು ತೇವಾಂಶ ಸಾಕು. ಹಾಸು ತೇವವಾಗಿರಬೇಕೇ ಹೊರತು ನೀರು ತೊಟ್ಟಿಕ್ಕಬಾರದು. ಬೂಷ್ಟು ಹಿಡಿಯುವ ಮೊದಲೇ ಬದಲಿಸಬೇಕು.

ಪೊರೆ ಆಗಲೇ ಅಂಟಿಕೊಂಡಿದ್ದರೆ, ಪಾದ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ಗೆಕ್ಕೊವನ್ನು ಬಿಡಬೇಕು, ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಆಮೇಲೆ ಒದ್ದೆ ಹತ್ತಿಕಡ್ಡಿಯನ್ನು ಬೆರಳಿನ ಬುಡದಿಂದ ತುದಿಯ ಕಡೆಗೆ ಹಗುರವಾಗಿ ಉರುಳಿಸಬೇಕು. ಬಾರದಿದ್ದರೆ ಮರುದಿನ ಮತ್ತೊಮ್ಮೆ. ಒಣಗಿದ ಪೊರೆಯನ್ನು ಎಂದಿಗೂ ಎಳೆಯಬಾರದು. ಅದರೊಂದಿಗೆ ಹೊಸ ಚರ್ಮವೂ ಕಿತ್ತುಬರುತ್ತದೆ.

ಕಣ್ಣಿನ ವಿಷಯ ಬೇರೆ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಲೆಪರ್ಡ್ ಗೆಕ್ಕೊಗೆ ಇದೆ. ರೆಪ್ಪೆಯಡಿ ಪೊರೆ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ, ಬೇಟೆ ಕಾಣದೆ ಗೆಕ್ಕೊ ಊಟ ಬಿಡುತ್ತದೆ. ಅದನ್ನು ತೆಗೆಯುವುದು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಕೆಲಸ.

ತೊಂದರೆ ಮತ್ತೆ ಮತ್ತೆ ಬಂದರೆ ಕಾರಣವನ್ನು ಚರ್ಮದಾಚೆಗೂ ಹುಡುಕಬೇಕು. ನೀರಿನ ಬಟ್ಟಲು ಖಾಲಿಯಿರಬಹುದು, ಶಾಖ ಸಾಲದಿರಬಹುದು, ಹೊಟ್ಟೆಯಲ್ಲಿ ಪರಾವಲಂಬಿಗಳಿರಬಹುದು. ಬರೀ ಹುಳುಗಳನ್ನೇ ತಿನ್ನುವ ಗೆಕ್ಕೊಗೆ ವಿಟಮಿನ್ ಎ ಕೊರತೆಯೂ ಕಾಡುತ್ತದೆ. ಹಾಗೆಂದು ಲೆಕ್ಕವಿಲ್ಲದೆ ವಿಟಮಿನ್ ಕೊಡುವಂತಿಲ್ಲ. ವಿಟಮಿನ್ ಎ ಮಿತಿಮೀರಿದರೂ ಹಾನಿಯೇ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಾಕಿದವರು ತಪ್ಪದೆ ಮಾಡಬೇಕಾದ ಕೆಲಸ ಇನ್ನೊಂದಿದೆ: ಪ್ರತಿ ಸಲ ಪೊರೆ ಬಿಟ್ಟ ಮರುದಿನ ನಾಲ್ಕೂ ಕಾಲಿನ 20 ಬೆರಳುಗಳನ್ನು ಒಂದೊಂದಾಗಿ ನೋಡುವುದು.