ಪಂಪ್‌ಗೆ ಬೇರೆ ಲೈನು, ರೌಟರ್‌ಗೆ ಬೇರೆ ಲೈನು. ಆಮೇಲೆ?

ಇವತ್ತು ಜೀವಕೋಶ, ಜೀನು ಎಲ್ಲ ಸ್ವಲ್ಪ ಪಕ್ಕಕ್ಕಿಡೋಣ. ನಾನು ಜೀವವಿಜ್ಞಾನಿ ಹೌದು. ಆದರೆ ಕೀಟಗಳನ್ನು ಸಾಕೋಕೆ ನಮಗೆ ಬೇಕಾದ ಅಕ್ರಿಲಿಕ್ ಗೂಡುಗಳನ್ನು ವಾಷಿಂಗ್ಟನ್ ಡಿಸಿ ಪಕ್ಕ, ಮೇರಿಲ್ಯಾಂಡ್‌ನಲ್ಲಿರೋ ಒಂದು ವರ್ಕ್‌ಶಾಪಿಗೆ ಹೋಗಿ ನಾನೇ ಕತ್ತರಿಸಿಕೊಳ್ತೀನಿ. ಹತ್ತಾರು ಜನ ಸೇರಿ ಬಳಸೋ ಜಾಗ ಅದು. ಅಲ್ಲಿ ಒಂದು ಸಿಎನ್‌ಸಿ ರೌಟರ್ ಇದೆ. ಕಂಪ್ಯೂಟರ್ ಹೇಳಿದ ದಾರಿಯಲ್ಲೇ ಓಡಾಡುತ್ತಾ, ನಿಮಿಷಕ್ಕೆ 18,000 ಸುತ್ತು ತಿರುಗೋ ಬಿಟ್‌ನಿಂದ ಮರ, ಪ್ಲಾಸ್ಟಿಕ್ ಕೊರೆಯೋ ಯಂತ್ರ.

ಜೀವವಿಜ್ಞಾನಿಗೆ ಈ ಬಡಗಿ ಕೆಲಸ ಯಾಕೆ ಅಂತ ಕೇಳ್ತೀರಾ? ಈ ಕಡೆ ಇದಕ್ಕೆ ಒಂದು ಒಳ್ಳೇ ಪರಂಪರೆ ಇದೆ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಟೆಡ್ ಹಾಲ್ ಅವರಿಗೆ ಪ್ಲೈವುಡ್ ದೋಣಿ ಕಟ್ಟೋ ಹುಚ್ಚು. ಹಲಗೆ ಕತ್ತರಿಸೋಕೆ ಅಂತ ಅವರು ಮಾಡಿಕೊಂಡ ಯಂತ್ರದಿಂದಲೇ 1996ರಲ್ಲಿ ಶಾಪ್‌ಬಾಟ್ ಕಂಪನಿ ಶುರುವಾಯ್ತು. ಸಣ್ಣ ವರ್ಕ್‌ಶಾಪ್‌ಗಳಿಗೂ ಸಿಎನ್‌ಸಿ ಕೈಗೆಟುಕಿದ್ದರಲ್ಲಿ ಅವರ ಪಾಲು ದೊಡ್ಡದು.

ಸರಿ, ಹಲಗೆಯನ್ನು ಮೇಜಿಗೆ ಹಿಡಿದಿಡೋದು ಹೇಗೆ? ಸ್ಕ್ರೂ ಹಾಕಬಹುದು, ಕ್ಲ್ಯಾಂಪ್ ಹಾಕಬಹುದು, ಆದರೆ ಬಿಟ್ ಅದಕ್ಕೇ ಹೋಗಿ ಹೊಡೆಯೋ ಭಯ. ಅದಕ್ಕೇ ನಿರ್ವಾತದ ಮೇಜು. ಮೇಜಿನ ತೂತುಗಳ ಮೂಲಕ ಪಂಪ್ ಗಾಳಿ ಎಳೆಯುತ್ತೆ, ಮೇಲಿನ ವಾತಾವರಣ ಹಲಗೆಯನ್ನು ಕೆಳಕ್ಕೆ ಒತ್ತುತ್ತೆ. ಹಿಡಿಯೋದು ಪಂಪ್ ಅಲ್ಲ, ನಮ್ಮ ತಲೆ ಮೇಲಿರೋ ಗಾಳಿ. ಸಮುದ್ರ ಮಟ್ಟದಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. 60 ಸೆಂಟಿಮೀಟರ್ ಚೌಕದ ಹಲಗೆಯ ಕೆಳಗೆ ಮೂರನೇ ಎರಡು ಭಾಗ ಗಾಳಿ ತೆಗೆದರೂ 2,400 ಕೆಜಿ ಒತ್ತಡ, ಒಂದು ದೊಡ್ಡ ಕಾರಿನ ತೂಕ. ಬೆಂಗಳೂರಿನಲ್ಲಿ ಇದೇ ಮೇಜು ಇಟ್ಟರೆ ಹಿಡಿತ ಸುಮಾರು 10% ಕಡಿಮೆ, ಯಾಕಂದ್ರೆ 900 ಮೀಟರ್ ಎತ್ತರದಲ್ಲಿ ಗಾಳಿಯೇ ಅಷ್ಟು ತೆಳು. ಇನ್ನೊಂದು ವಿಷಯ. ಗಾಳಿ ಒತ್ತೋದು ಕೆಳಕ್ಕೆ, ಬಿಟ್ ತಳ್ಳೋದು ಪಕ್ಕಕ್ಕೆ. ಪಕ್ಕಕ್ಕೆ ಜಾರದ ಹಾಗೆ ತಡೆಯೋದು ಬರೀ ಘರ್ಷಣೆ. ಅಂಗೈಯಷ್ಟು ಸಣ್ಣ ತುಂಡಿಗೆ ಸಿಗೋ ಒತ್ತಡ ಐವತ್ತು ಅರವತ್ತು ಕೆಜಿ ಮಾತ್ರ. ನಿರ್ವಾತ ಹೋದರೆ ಅದೂ ಸೊನ್ನೆ.

ಈಗ ನಮ್ಮ ಕಥೆಗೆ ಬರೋಣ. ನಮ್ಮ ಪಂಪ್ ಒಂದು ಹಾರ್ಸ್‌ಪವರ್‌ದು, 120 ವೋಲ್ಟ್‌ನಲ್ಲಿ 13 ಆಂಪಿಯರ್ ಎಳೆಯುತ್ತೆ. ರೌಟರ್ ಪೂರ್ತಿ ಲೋಡಿನಲ್ಲಿ 15. ಎರಡನ್ನೂ ಒಂದೇ 20 ಆಂಪಿಯರ್ ಬ್ರೇಕರಿನ ಲೈನಿಗೆ ಸಿಕ್ಕಿಸಿದ್ದೆವು. ತೆಳ್ಳಗೆ ಕೊರೆಯುವಾಗ ರೌಟರ್ ಕಡಿಮೆ ಎಳೆಯೋದರಿಂದ ನಡೀತಿತ್ತು. ಆಳಕ್ಕೆ ಇಳಿಸಿದಾಗ ಒಟ್ಟು 25 ದಾಟುತ್ತೆ. ಆದರೂ ಬ್ರೇಕರ್ ತಕ್ಷಣ ಬೀಳಲ್ಲ, ಒಳಗಿನ ಲೋಹದ ಪಟ್ಟಿ ಕಾಯಬೇಕು, ಅದಕ್ಕೆ ಕೆಲವು ನಿಮಿಷ ಬೇಕು. ಹಾಗಾಗಿ ಅರ್ಧ ಕೆಲಸ ಆದಮೇಲೆ ಎಲ್ಲ ಒಟ್ಟಿಗೆ ನಿಂತುಹೋಗ್ತಿತ್ತು. ಅಕ್ರಿಲಿಕ್ ಹಾಳು, ಮನುಷ್ಯರಿಗೇನೂ ಆಗ್ತಿರಲಿಲ್ಲ.

ಇನ್ನೊಂದು ತೊಂದರೆ ಪಂಪ್ ಶುರುವಾಗೋ ಕ್ಷಣದ್ದು. ಮನೆಯಲ್ಲಿ ಬೋರ್‌ವೆಲ್ ಮೋಟಾರ್ ಹಾಕಿದಾಗ ಲೈಟು ಒಂದು ಕ್ಷಣ ಮಂಕಾಗುತ್ತಲ್ಲ, ಅದೇ ಇದು. ನಿಂತಿರೋ ಇಂಡಕ್ಷನ್ ಮೋಟಾರ್ ಅಂದ್ರೆ ಸೆಕೆಂಡರಿ ಸುತ್ತು ಶಾರ್ಟ್ ಆಗಿರೋ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆ. ವೇಗ ಹಿಡಿಯೋವರೆಗೆ ಐದಾರು ಪಟ್ಟು ಕರೆಂಟು ಎಳೆಯುತ್ತೆ, ನಮ್ಮದರಲ್ಲಿ 70 ಆಂಪಿಯರ್ ಹತ್ತಿರ. 20 ಮೀಟರ್ ದೂರದ 12 ಗೇಜ್ ತಂತಿಯಲ್ಲಿ ಹೋಗಿ ಬರೋ ದಾರಿಯ ರೆಸಿಸ್ಟೆನ್ಸ್ 0.2 ಓಮ್. 70ನ್ನು 0.2ರಿಂದ ಗುಣಿಸಿ, 14 ವೋಲ್ಟ್ ತಂತಿಯಲ್ಲೇ ಖರ್ಚು. ಅದೇ ಲೈನಿನಲ್ಲಿರೋ ಸಿಎನ್‌ಸಿ ಕಂಟ್ರೋಲರಿಗೆ ಅಷ್ಟು ಕುಸಿತ ಸಾಕು, ತಾನು ಎಲ್ಲಿದ್ದೇನೆ ಅನ್ನೋದನ್ನೇ ಮರೆತುಬಿಡಬಹುದು.

ಎಲ್ಲರೂ ಕೊಡೋ ಉತ್ತರ ಒಂದೇ: ಪಂಪ್‌ಗೆ ಬೇರೆ ಲೈನ್ ಕೊಡಿ. ನಾವೂ ಅದನ್ನೇ ಮಾಡಿದೆವು, ಎದುರು ಗೋಡೆಯ ಪ್ಲಗ್ಗಿಗೆ ಹಾಕಿದೆವು. ಎರಡು ವಾರ ಆರಾಮ. ಆಮೇಲೆ ಜನವರಿಯ ಒಂದು ಸಂಜೆ ಯಾರೋ ಆ ಗೋಡೆಯ ಇನ್ನೊಂದು ಪ್ಲಗ್ಗಿಗೆ 1,500 ವ್ಯಾಟಿನ ಹೀಟರ್ ಹಾಕಿದರು. ಅದು 12.5 ಆಂಪಿಯರ್, ಪಂಪಿನ 13 ಸೇರಿದರೆ 25.5. ಸ್ವಲ್ಪ ಹೊತ್ತಿಗೆ ಆ ಬ್ರೇಕರ್ ಬಿತ್ತು. ಪಂಪ್ ನಿಂತಿತು. ರೌಟರ್ ನಿಲ್ಲಲಿಲ್ಲ, ಅದರದ್ದು ಬೇರೆ ಲೈನಲ್ವಾ! ಡಸ್ಟ್ ಕಲೆಕ್ಟರಿನ ಗಲಾಟೆಯಲ್ಲಿ ಪಂಪ್ ಸದ್ದು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ. ಅಂಗೈಯಷ್ಟು ಅಕ್ರಿಲಿಕ್ ತುಂಡೊಂದು ಬಿಟ್‌ಗೆ ಸಿಕ್ಕಿ, ನನ್ನ ಕಿವಿ ಪಕ್ಕದಲ್ಲೇ ಹಾರಿ ಗೋಡೆಗೆ ಬಡೀತು. ಗೋಡೆಯ ಮೇಲೆ ಆದ ಗುರುತು ನನ್ನ ಕಣ್ಣಿನ ಎತ್ತರಕ್ಕೇ ಇತ್ತು.

ಅಂದ್ರೆ ಮೊದಲಿನ ತಪ್ಪು ವೈರಿಂಗಿನಲ್ಲಿ ನಮಗೆ ಗೊತ್ತಿಲ್ಲದ ಒಂದು ರಕ್ಷಣೆ ಇತ್ತು. ಬಿದ್ದರೆ ಎರಡೂ ಒಟ್ಟಿಗೆ ಬೀಳ್ತಿದ್ದವು. ಲೋಡ್ ಬೇರೆ ಮಾಡೋ ಭರದಲ್ಲಿ ಅದನ್ನು ಕಿತ್ತುಹಾಕಿದ್ದೆವು. ಬೇರೆ ಮಾಡಬೇಕಾದ್ದು ಕರೆಂಟಿನ ದಾರಿ, ನಿಲ್ಲಿಸೋ ದಾರಿ ಒಂದೇ ಇರಬೇಕು.

ಇದಕ್ಕೆ ಪರಿಹಾರ ಹುಡುಕ್ತಾ ನನಗೆ ನೆನಪಾಗಿದ್ದು ನಮ್ಮೂರ ತೋಟದ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ. ಹಸಿರು ಬಟನ್, ಕೆಂಪು ಬಟನ್, ಒತ್ತಿದರೆ ಟಕ್ ಅನ್ನೋ ಸದ್ದು. ಒಳಗಿರೋ ಕಾಯಿಲ್ ಕಾಂಟ್ಯಾಕ್ಟನ್ನು ಎಳೆದು ಹಿಡಿಯುತ್ತೆ, ಆ ಕಾಂಟ್ಯಾಕ್ಟೇ ಕಾಯಿಲ್‌ಗೆ ಕರೆಂಟು ಕೊಡ್ತಾ ಇರುತ್ತೆ. ಕರೆಂಟು ಹೋದರೆ ಕೈಬಿಡುತ್ತೆ, ಮತ್ತೆ ಬಂದರೂ ತಾನಾಗಿ ಹಿಡಿಯಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಎದ್ದು ಹೋಗೋದು ಯಾರು ಅಂತ ರೈತರು ಆಟೋ ಸ್ಟಾರ್ಟರ್ ಹಾಕ್ತಾರೆ. ಊರಿನ ಎಲ್ಲ ಮೋಟಾರೂ ಒಂದೇ ಕ್ಷಣಕ್ಕೆ ಎದ್ದು ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತವೆ. ರೈತರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ನಿದ್ದೆ ಎಲ್ಲರಿಗೂ ಬೇಕು. ಆದರೆ ವರ್ಕ್‌ಶಾಪಿನಲ್ಲಿ ತಾನಾಗಿ ಶುರುವಾಗೋ ಮೋಟಾರ್ ಬೇಡವೇ ಬೇಡ.

ನಮ್ಮಲ್ಲಿ ಈಗ ಹೀಗಿದೆ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬಂದು ಪಂಪ್‌ಗೆ ಅಂತಲೇ 240 ವೋಲ್ಟಿನ ಲೈನ್ ಎಳೆದುಕೊಟ್ಟರು. ಅಮೆರಿಕದ ಮನೆಗಳಿಗೆ ಬರೋದು 120ರ ಎರಡು ಕಾಲು, ಎರಡರ ನಡುವೆ 240. ಮೋಟಾರ್ ಎರಡೂ ವೋಲ್ಟೇಜಿಗೆ ಆಗೋ ಥರದ್ದಾದ್ದರಿಂದ ಒಳಗಿನ ಜೋಡಣೆ ಬದಲಿಸಿದರೆ ಸಾಕಾಯ್ತು, 13 ಆಂಪಿಯರ್ ಆರೂವರೆಗೆ ಇಳೀತು. ನಡುವೆ ಓವರ್‌ಲೋಡ್ ರಿಲೇ ಇರೋ ಸ್ಟಾರ್ಟರ್. ಸ್ಮಾರ್ಟ್ ಪ್ಲಗ್ ಸಾಕಲ್ವಾ ಅಂತ ಒಬ್ಬರು ಕೇಳಿದ್ರು. ಬೇಡ. ಶುರುವಿನ ಕರೆಂಟಿಗೆ ಅದರ ಸಣ್ಣ ರಿಲೇ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡುಬಿಟ್ಟರೆ, ಫೋನಿನಲ್ಲಿ ಆಫ್ ಅಂತ ತೋರಿಸ್ತಾ ಇರುತ್ತೆ, ಮೋಟಾರ್ ಓಡ್ತಾನೇ ಇರುತ್ತೆ.

ಮುಖ್ಯವಾದದ್ದು ಮೇಜಿನ ಹತ್ತಿರ ಪೈಪಿಗೆ ಹಾಕಿರೋ ವ್ಯಾಕ್ಯೂಮ್ ಸ್ವಿಚ್. ಪಂಪ್ ಓಡ್ತಿದೆಯಾ ಅಂತ ನೋಡಿದರೆ ಸಾಲದು, ಪೈಪ್ ಕಳಚಿಕೊಂಡರೂ ಪಂಪ್ ಓಡುತ್ತೆ. ನಮಗೆ ಬೇಕಾದ್ದು ಹಿಡಿತ ಇದೆಯಾ ಅನ್ನೋದು. ಮಾಮೂಲಿಗೆ ಗೇಜಿನಲ್ಲಿ ಪಾದರಸದ 20 ಇಂಚು ಇರುತ್ತೆ. 15ಕ್ಕಿಂತ ಇಳಿದರೆ ಸ್ವಿಚ್ ತೆರೆದುಕೊಳ್ಳುತ್ತೆ. ಅದನ್ನು ರೌಟರಿನ ಎಮರ್ಜೆನ್ಸಿ ಸ್ಟಾಪ್ ಜೊತೆ ಸೀರೀಸ್‌ನಲ್ಲಿ ಜೋಡಿಸಿದ್ದೇವೆ. ಸರಿಯಿದ್ದಾಗ ಮುಚ್ಚಿರುತ್ತೆ, ತೆರೆದರೆ ನಿಲ್ಲು ಅಂತ ಅರ್ಥ. ಹಾಗಾಗಿ ಇಲಿ ತಂತಿ ಕಡಿದರೂ ಯಂತ್ರ ನಿಲ್ಲುತ್ತೆ. ಪಂಪ್ ಮತ್ತು ಮೇಜಿನ ನಡುವೆ ಒಂದು ಚೆಕ್ ವಾಲ್ವ್, ಒಂದು ಸಣ್ಣ ಟ್ಯಾಂಕ್ ಇದೆ. ಪಂಪ್ ನಿಂತರೂ ಹಿಡಿತ ಕೆಲವು ಸೆಕೆಂಡು ಉಳಿಯುತ್ತೆ, ಬಿಟ್ ನಿಲ್ಲೋಕೆ ಅಷ್ಟು ಸಮಯ ಬೇಕು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳದೆ ಇರೋಕಾಗಲ್ಲ. ಜೀವಕೋಶ ಒಡೆಯುವಾಗಲೂ ಸ್ಪಿಂಡಲ್ ಅನ್ನೋ ರಚನೆ ಇದೆ, ಅದಕ್ಕೂ ಇಂಥದ್ದೇ ಒಂದು ತಡೆ ಇದೆ. ಒಂದೇ ಒಂದು ಕ್ರೋಮೋಸೋಮ್ ಸರಿಯಾಗಿ ಹಿಡಿತಕ್ಕೆ ಬರದಿದ್ದರೂ ಕೋಶ ಮುಂದಿನ ಹೆಜ್ಜೆ ಇಡಲ್ಲ. ವ್ಯತ್ಯಾಸ ಏನಂದ್ರೆ, ಕೋಶದಲ್ಲಿ ಹಿಡಿತ ಸಿಗದ ಕ್ರೋಮೋಸೋಮೇ ‘ತಾಳಿ’ ಅಂತ ಸಂಕೇತ ಕಳಿಸುತ್ತೆ. ನಮ್ಮಲ್ಲಿ ‘ಸರಿ’ ಅನ್ನೋ ಸಂಕೇತ ನಿಂತುಹೋದರೆ ಯಂತ್ರ ನಿಲ್ಲುತ್ತೆ.

ಊರಿನಿಂದ ಪಂಪ್ ತರೋ ಯೋಚನೆ ಇರೋರಿಗೆ ಒಂದು ಎಚ್ಚರಿಕೆ. 230 ವೋಲ್ಟ್, 50 ಹರ್ಟ್ಸ್‌ನ ಬ್ಲೋವರ್ ಇಲ್ಲಿನ 240ಕ್ಕೆ ಹೊಂದುತ್ತೆ ಅನಿಸುತ್ತೆ. ಆದರೆ ಇಲ್ಲಿ 60 ಹರ್ಟ್ಸ್, ವೇಗ 20% ಹೆಚ್ಚು. ಬ್ಲೋವರಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತೆ, ಅಂದ್ರೆ ಸುಮಾರು 1.7 ಪಟ್ಟು. ಮೋಟಾರ್ ಸುಡುತ್ತೆ. ನೇಮ್ ಪ್ಲೇಟಿನಲ್ಲಿ ಎರಡೂ ಹರ್ಟ್ಸ್ ಬರೆದಿದ್ದರೆ ಮಾತ್ರ ತನ್ನಿ.

ತಿಂಗಳಿಗೊಮ್ಮೆ, ಮೇಜಿನ ಮೇಲೆ ಬರೀ ಒಂದು ಹಲಗೆ ಇಟ್ಟು, ಬಿಟ್ ಗಾಳಿಯಲ್ಲಿ ತಿರುಗ್ತಿರುವಾಗ ಪಂಪಿನ ಬ್ರೇಕರನ್ನು ನಾವೇ ಬೀಳಿಸ್ತೀವಿ. ಗೇಜ್ 15 ಮುಟ್ಟೋ ಮೊದಲೇ ಹಲಗೆ ಕೈಯಿಂದ ಜರುಗುತ್ತಾ, ರೌಟರ್ ಎಷ್ಟು ಸೆಕೆಂಡಿಗೆ ನಿಂತಿತು, ಗೋಡೆಗೆ ಅಂಟಿಸಿರೋ ಹಾಳೆಯಲ್ಲಿ ಬರೆದಿಡ್ತೀವಿ. ಆ ಹಾಳೆ ಇರೋದು ಅಕ್ರಿಲಿಕ್ ಬಡಿದ ಗುರುತಿನ ಪಕ್ಕದಲ್ಲೇ. ಗುರುತಿಗೆ ಇನ್ನೂ ಯಾರೂ ಬಣ್ಣ ಬಳಿದಿಲ್ಲ.