ಕವಡೆ ಅವರ ಕೈಯಲ್ಲಿರಲಿ

ಹಬ್ಬಹರಿದಿನಗಳಲ್ಲಿ ವೃದ್ಧಾಶ್ರಮಗಳಿಗೆ ಹೋಗಿಬರುವ ಪರಿಪಾಠ ನಮ್ಮ ನಗರಗಳಲ್ಲಿ ಬೆಳೆದಿದೆ. ಕಾಲೇಜಿನ ವಿದ್ಯಾರ್ಥಿಗಳು ಹೋಗುತ್ತಾರೆ, ಮಹಿಳಾ ಸಮಾಜದವರು ಹೋಗುತ್ತಾರೆ. ಹಿರಿಯರನ್ನು ಸಾಲಾಗಿ ಕೂರಿಸಿ ಭಜನೆ, ನೃತ್ಯಗಳಾಗುತ್ತವೆ. ಹಣ್ಣು ಹಂಚಿ, ಭಾವಚಿತ್ರ ತೆಗೆಸಿಕೊಂಡು ಅತಿಥಿಗಳು ಹೊರಡುತ್ತಾರೆ. ಉದ್ದೇಶ ಒಳ್ಳೆಯದೇ, ಹಳಿಯುವುದು ನನ್ನ ಇಂಗಿತವಲ್ಲ. ಆದರೆ ಆ ಎರಡು ಗಂಟೆಗಳಲ್ಲಿ ಹಿರಿಯರು ಮಾಡಿದುದೇನು? ಕುಳಿತರು, ಚಪ್ಪಾಳೆ ತಟ್ಟಿದರು. ಉಳಿದ ದಿನಗಳಲ್ಲಿ ಅವರು ಮಾಡುವುದೂ ಅದನ್ನೇ, ಚಪ್ಪಾಳೆಯೊಂದನ್ನು ಬಿಟ್ಟು.

ಮನೋರಂಜನೆಯು ಹಿರಿಯರಿಗೆ ಇತರರು ತೋರಿಸುವ ನೋಟವೋ, ಅವರೇ ನಡೆಸಬೇಕಾದ ವ್ಯವಹಾರವೋ? ಇದಕ್ಕೆ ಸಮೀಪದ ಪ್ರಶ್ನೆಯೊಂದನ್ನು ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಆರ್ಡನ್ ಹೌಸ್ ಎಂಬ ಶುಶ್ರೂಷಾಗೃಹದಲ್ಲಿ ಒರೆಗೆ ಹಚ್ಚಿದರು. ಪ್ರಬಂಧ 1976ರಲ್ಲಿ ಪ್ರಕಟವಾಯಿತು. ಒಂದು ಅಂತಸ್ತಿನ ನಿವಾಸಿಗಳಿಗೆ ಗಿಡಗಳನ್ನು ತೋರಿಸಿ, ಬೇಕಾದುದನ್ನು ಆರಿಸಿಕೊಂಡು ನೀವೇ ಸಾಕಿಕೊಳ್ಳಿರಿ ಎಂದರು. ಚಲನಚಿತ್ರವನ್ನು ಯಾವ ರಾತ್ರಿ ನೋಡಬೇಕೆಂಬುದನ್ನೂ ಅವರ ಇಷ್ಟಕ್ಕೇ ಬಿಟ್ಟರು. ಇನ್ನೊಂದು ಅಂತಸ್ತಿನವರಿಗೂ ಗಿಡ ದೊರಕಿತು, ಚಿತ್ರವೂ ದೊರಕಿತು. ಆದರೆ ನೀರೆರೆಯುವವಳು ದಾದಿ, ರಾತ್ರಿಯನ್ನು ಗೊತ್ತುಮಾಡುವವರು ಅಧಿಕಾರಿಗಳು. ಅನಂತರ ಗಾಜಿನ ಜಾಡಿಯಲ್ಲಿ ಮಿಠಾಯಿ ತುಂಬಿ, ಎಷ್ಟಿವೆ ಊಹಿಸಿರಿ ಎಂಬ ಪಂದ್ಯವಿಟ್ಟಾಗ, ಮೊದಲ ಗುಂಪಿನಿಂದ 10 ಮಂದಿ ಮುಂದೆ ಬಂದರು. ಎರಡನೆಯದರಿಂದ ಬಂದವರು ಒಬ್ಬರೇ! ಈ ಪ್ರಯೋಗದಿಂದ ಆಯುಸ್ಸೇ ಹೆಚ್ಚಿತೆಂದು ಹೇಳುವವರೂ ಉಂಟು. ಆ ಗಣಿತದಲ್ಲಿ ದೋಷವಿತ್ತೆಂದು 1978ರಲ್ಲಿ ತಿದ್ದುಪಡಿ ಪ್ರಕಟವಾದುದರಿಂದ ಅದನ್ನು ಬದಿಗಿಡೋಣ. ಜಾಡಿಯ ಮುಂದೆ ಕುತೂಹಲ ಹುಟ್ಟಿತಲ್ಲ, ನನಗೆ ಅಷ್ಟು ಸಾಕು.

ನಮ್ಮ ಹಿರಿಯರಿಗೆ ಮಿಠಾಯಿಯ ಜಾಡಿ ಬೇಕಾಗಿಲ್ಲ; ಬಾಲ್ಯದಲ್ಲಿ ಚೌಕಾಬಾರ, ಅಳಗುಳಿಮನೆ, ಪಗಡೆಗಳನ್ನಾಡಿದವರು ಅವರಲ್ಲಿ ಬಹುಮಂದಿ. ಇವೆಲ್ಲ ಹೆಂಗಸರು ಮಕ್ಕಳ ಕಾಲಹರಣವೆಂದು ಮೂಗು ಮುರಿಯುವವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೆನೆಯಬೇಕು. ಅವರ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಆಟಗಳಿಗೆ ಎಡೆಯುಂಟು. ಇನ್ನು ಚೌಕಾಬಾರಕ್ಕೆ ಬೇಕಾದುದಾದರೂ ಏನು? 25 ಮನೆಗಳ ಹಾಸು, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆಗಳೆಲ್ಲ ಅಂಗಾತ ಬಿದ್ದರೆ ನಾಲ್ಕು, ಅದೇ ಚೌಕ. ಎಲ್ಲವೂ ಕವುಚಿ ಬಿದ್ದರೆ ಎಂಟು, ಅದೇ ಬಾರ. ಯಾವ ಕಾಯನ್ನು ನಡೆಸುವುದು, ಯಾವುದನ್ನು ಕಟ್ಟೆಯಲ್ಲಿ ಉಳಿಸುವುದು, ಯಾರನ್ನು ಕಡಿಯುವುದು? ಗರ ಬಿದ್ದಾಗಲೆಲ್ಲ ಒಂದು ತೀರ್ಮಾನ, ಅದೂ ಸ್ವಂತದ್ದು.

ಮೈಸೂರಿನ ಆಶ್ರಮವೊಂದರಲ್ಲಿ ನನ್ನ ವಿದ್ಯಾರ್ಥಿಗಳು ಹಾಸನ್ನು ಹರಡಿ, ನಿಯಮಗಳನ್ನು ವಿವರಿಸಹೊರಟರು. “ನಿಲ್ಲಿಸಪ್ಪಾ, ಒಂದು ಕಾಯನ್ನೂ ಕಡಿಯದೆ ಒಳಮನೆಗೆ ಹೋಗುವುದುಂಟೆ?” ಎಂದು ಅಜ್ಜಿಯೊಬ್ಬರು ತಡೆದರು. “ನಮ್ಮೂರಲ್ಲಿ ಹೋಗುತ್ತಿದ್ದೆವು” ಎಂದರು ಇನ್ನೊಬ್ಬರು. ವಾದ ಅರ್ಧಗಂಟೆ ನಡೆಯಿತು. ಕವಡೆ ಕೈಬಿಟ್ಟು ಕೆಳಗೆ ಬೀಳಲೇ ಇಲ್ಲ. ವಿದ್ಯಾರ್ಥಿಗಳು ಪೆಚ್ಚಾದರು, ನನಗಂತೂ ಅದಕ್ಕಿಂತ ಸೊಗಸಾದ ಕಾರ್ಯಕ್ರಮ ಬೇಕೆನಿಸಲಿಲ್ಲ.

ಕೆಲವು ಅನುಕೂಲಗಳನ್ನು ಮಾತ್ರ ನಾವು ಒದಗಿಸಬೇಕು. ಮಂಡಿನೋವಿನವರಿಗೆ ನೆಲ ಸಲ್ಲದು, ಮೇಜು ಬೇಕು. ಮನೆಗಳು ದೊಡ್ಡವಿರಲಿ, ಗೆರೆಗಳು ದಪ್ಪನಾಗಿರಲಿ. ಬೆರಳು ಸೆಟೆದವರ ಕೈಯಲ್ಲಿ ಹುಣಿಸೆಬೀಜ ಜಾರುತ್ತದೆ. ದೊಡ್ಡ ಕಾಯಿಗಳೇ ಲೇಸು. ಕಣ್ಣು ಮಂಜಾದವರು ಅಳಗುಳಿಮನೆಯ 14 ಗುಳಿಗಳನ್ನು ತಡವಿಕೊಂಡೇ ಬೀಜ ಬಿಡಬಲ್ಲರು. ಮರೆವು ಹೆಚ್ಚಿದವರಿಗೆ ಲೆಕ್ಕದ ಆಟ ಬೇಸರ ತಂದೀತು. ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು ಅಂಥವರ ಕೈಗೆ ಒಗ್ಗಿದ ಕೆಲಸ.

ಆಡಲೊಲ್ಲೆನೆಂದು ಪತ್ರಿಕೆ ಹಿಡಿದು ದೂರ ಕುಳಿತವರನ್ನು ಬಲವಂತವಾಗಿ ಎಬ್ಬಿಸಿ ತರಬಾರದು. ಮೇಜನ್ನು ಅವರ ಕುರ್ಚಿಗೆ ಕಾಣುವಂತೆ ಇಟ್ಟರಾಯಿತು. ಯಾರಾದರೂ ಗರ ಎಣಿಸುವಾಗ ತಪ್ಪಿದರೆ, ಮೊದಲು ಕೂಗುವವರು ಬಹುಮಟ್ಟಿಗೆ ಅವರೇ.